ಶಾಲು, ಹಾರ ಸಾಕು; ಸಿವಿಲ್ ವಿದ್ಯಾರ್ಥಿಗಳಿಗೆ ಮಾತಾಡಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ಸೆಪ್ಟೆಂಬರ್ 15 ಹತ್ತಿರ ಬರುತ್ತಿದೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಹಾಗಾಗಿ ಎಂಜಿನಿಯರ್‌ಗಳ ದಿನ ಅಂದರೆ ಇಲ್ಲಿ ಸಡಗರ ಸ್ವಲ್ಪ ಜಾಸ್ತಿಯೇ. ಈ ನೆಪದಲ್ಲಿ ಕಾಲೇಜಿನವರು ಸಿವಿಲ್ ವಿದ್ಯಾರ್ಥಿಗಳನ್ನೂ ಕಟ್ಟಡ ಕೆಲಸದವರನ್ನೂ ಒಂದೆಡೆ ಸೇರಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ನಡೆಸುವ ರೀತಿ ಬದಲಾಗಬೇಕು.

ನಾನು ಹದಿನಾಲ್ಕು ವರ್ಷದಿಂದ ಸೈಟ್ ಎಂಜಿನಿಯರ್. ಕಳೆದ ವರ್ಷ ಅಂಥ ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ದೀಪ ಬೆಳಗುವುದು, ಸ್ವಾಗತ, ಶಾಲು, ಹಾರ, ಆಮೇಲೆ ವೇದಿಕೆಯಲ್ಲಿದ್ದ ಎಲ್ಲರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಪ್ರಶ್ನೆಗೆ ಉಳಿದದ್ದು ಹತ್ತೇ ನಿಮಿಷ. ಹಿಂದೆ ಕೂತಿದ್ದ ಒಬ್ಬಳು ಹುಡುಗಿ ಎದ್ದು, "ಹೆಣ್ಣುಮಕ್ಕಳನ್ನು ಸೈಟ್ ಕೆಲಸಕ್ಕೆ ತಗೊಳ್ತೀರಾ ಸಾರ್?" ಅಂದಳು. "ನಿಮಗೆ ಆಫೀಸಲ್ಲಿ ಡ್ರಾಯಿಂಗ್ ಕೆಲಸವೇ ಅನುಕೂಲ ಅಮ್ಮಾ" ಅಂತ ಮೇಲಿಂದ ಉತ್ತರ ಬಂತು. ಆಕೆ ಸುಮ್ನೆ ಕೂತಳು. ನನಗೆ ಇವತ್ತಿಗೂ ಬೇಜಾರು. ಸೈಟಲ್ಲಿ ಶೌಚಾಲಯ ಇರುತ್ತಾ, ಸ್ಲ್ಯಾಬ್ ಮುಗಿಯೋದು ರಾತ್ರಿಯಾದರೆ ಮನೆಗೆ ಹೇಗೆ ಹೋಗೋದು, ಮೇಸ್ತ್ರಿ ಮಾತು ಕೇಳ್ತಾರಾ ಅನ್ನುವುದನ್ನೆಲ್ಲ ಸೈಟಲ್ಲೇ ದುಡಿಯುತ್ತಿರುವ ಒಬ್ಬ ಹೆಣ್ಣುಮಗಳು ಎದುರಿಗೆ ಕೂತು ಹೇಳಿದ್ದರೆ ಆಕೆಗೆ ಧೈರ್ಯ ಬರುತ್ತಿತ್ತು ಅಲ್ವಾ?

ಊಟದ ಹೊತ್ತಲ್ಲಿ ಆಕೆಯನ್ನೂ ಅವಳ ಐದು ಜನ ಸಹಪಾಠಿಗಳನ್ನೂ ಮಾತಾಡಿಸಿ, ಮುಂದಿನ ಭಾನುವಾರ ನಮ್ಮ ಸೈಟಿಗೆ ಕರೆದೆ. ಅವತ್ತು ಸ್ಲ್ಯಾಬ್ ಹಾಕುವುದಿತ್ತು. ಸ್ಲ್ಯಾಬ್‌ಗೆ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 20 ಮಿ.ಮೀ., ಪಿಲ್ಲರ್‌ಗೆ 40 ಅಂತ ಆರೂ ಜನ ಪಟಪಟ ಹೇಳಿದರು. ಆದರೆ ಆ ಅಂತರ ಉಳಿಯಲಿ ಅಂತ ಕಂಬಿಗೆ ಆನಿಸಿ ಇಡುವ ಕವರ್ ಬ್ಲಾಕನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು! ಪಿಲ್ಲರ್ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೆ ಬಿಟ್ಟರೆ ಭೂಮಿ ನಡುಗಿದಾಗ ಬಿಚ್ಚಿಕೊಳ್ಳುತ್ತದೆ, 135ಕ್ಕೆ ಬಗ್ಗಿಸಿ ಒಳಗೆ ಕೂರಿಸಬೇಕು ಅಂತ ಕಂಬಿ ಕಟ್ಟುವ ಅಣ್ಣ ಒಬ್ಬರು ಬಗ್ಗಿಸಿಯೇ ತೋರಿಸಿದರು. ಮಧ್ಯಾಹ್ನ ಯಾರೋ ಮಿಕ್ಸರ್‌ಗೆ ನೀರು ಜಾಸ್ತಿ ಸುರಿದರು. ಹದ ನೋಡಲು ಹಸಿ ಕಾಂಕ್ರೀಟ್ ತುಂಬುವ ಅಚ್ಚು, ಸ್ಲಂಪ್ ಕೋನ್, ಎತ್ತಿದ ಕೂಡಲೇ ಕಾಂಕ್ರೀಟ್ ದೊಪ್ಪನೆ ಕುಸಿಯಿತು. "ಸಾರ್, ಇದನ್ನು ಹಾಕಬಾರದು" ಅಂತ ಮೊದಲು ಹೇಳಿದವಳು ಅದೇ ಹುಡುಗಿ. ಆ ಮಾಲು ಪಕ್ಕಕ್ಕೆ ಹಾಕಿಸಿದೆವು. 28ನೇ ದಿನ ಗಟ್ಟಿತನ ನೋಡಲು ಕಾಂಕ್ರೀಟ್ ಕ್ಯೂಬ್ ಒಡೆಯುವಾಗಲೂ ಆಕೆ ಬಂದಿದ್ದಳು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ವೇದಿಕೆ ಬೇಡ. ಒಂದು ಮೇಜು, ಒಬ್ಬ ಎಂಜಿನಿಯರ್, ಐದಾರು ಮಕ್ಕಳು, ಅರ್ಧ ಗಂಟೆ ಮಾತು, ಆಮೇಲೆ ಮೇಜು ಬದಲಾಯಿಸಲಿ. ಎಸ್ಟಿಮೇಟ್, ಬಿಲ್ಲಿಂಗ್ ಮಾಡುವವರನ್ನು, ಅನುಭವಿ ಮೇಸ್ತ್ರಿಗಳನ್ನು ಕೂಡ ಕರೆಯಿರಿ, ಅವರಿಗೆ ಒಂದು ದಿನದ ಕೂಲಿಯನ್ನೂ ಕೊಡಿ. ಡಿಪ್ಲೊಮಾ ಮಕ್ಕಳನ್ನು ಬಿಡಬೇಡಿ. ಮೊದಲ ಸಂಬಳ ಎಷ್ಟು ಬರುತ್ತದೆ, ದಿನಕ್ಕೆ ಎಷ್ಟು ಗಂಟೆ ಕೆಲಸ ಅನ್ನುವುದನ್ನು ಬಂದವರು ಮುಚ್ಚುಮರೆ ಇಲ್ಲದೆ ಹೇಳಬೇಕು. ಬೆಂಗಳೂರಿನ ದೊಡ್ಡ ಹೆಸರೇ ಬೇಕೆಂದಿಲ್ಲ, ಇಲ್ಲೇ ಮನೆ, ಸೇತುವೆ, ಲೇಔಟ್ ಕೆಲಸ ಮಾಡಿಸುತ್ತಿರುವವರು ಬೇಕಾದಷ್ಟು ಜನ ಇದ್ದೇವೆ.

ನಮ್ಮ ಮುಂದಿನ ಸ್ಲ್ಯಾಬ್ ಇನ್ನು ಮೂರು ವಾರದಲ್ಲಿದೆ. ಆ ಕಾಲೇಜಿಗೆ ದಿನ ತಿಳಿಸಿದ್ದೇನೆ, ಆರು ಹೆಲ್ಮೆಟ್ ತೆಗೆದಿಟ್ಟಿದ್ದೇನೆ.

– ಒಬ್ಬ ಸೈಟ್ ಎಂಜಿನಿಯರ್, ಚಿಕ್ಕಬಳ್ಳಾಪುರ