ಮೂಗಿನ ಕೂದಲು ಕೀಳಬೇಡಿ

ಮಾನ್ಯರೇ,

ದಾವಣಗೆರೆಯ ಕೆಲವು ಸಲೂನುಗಳಲ್ಲಿ ಈಗ ಮೂಗಿನೊಳಗೆ ಮೇಣ ಹಾಕಿ ಕೂದಲು ಕೀಳುತ್ತಾರೆ. ಚಂದಕ್ಕಂತೆ! ಆ ಕೂದಲು ಸುಮ್ನೆ ಬೆಳೆದದ್ದಲ್ಲ. ಉಸಿರಿನ ಜೊತೆ ಬರುವ ದೂಳನ್ನು ಅಲ್ಲೇ ತಡೆಯುತ್ತದೆ. ಮಂಡಕ್ಕಿ ಭಟ್ಟಿಯ ಮಸಿ, ರಸ್ತೆ ದೂಳು ಇರುವ ಊರಲ್ಲಿ ಅದು ಬೇಡವಾ? ಕಿತ್ತ ಬುಡದಲ್ಲಿ ಗಾಯವಾಗಿ ಕೀವು ಕಟ್ಟುವುದೂ ಉಂಟು. ಹೊರಗೆ ಕಾಣುವಷ್ಟನ್ನು ಕತ್ತರಿಸಿದರೆ ಸಾಕು.

ಉಗುರಿನ ಬುಡದ ತೆಳು ಚರ್ಮವೂ ಹಾಗೆಯೇ. ಒಳಗೆ ಸೋಂಕು ಇಳಿಯದಂತೆ ಸಂದಿಯನ್ನು ಮುಚ್ಚಿರುವುದೇ ಅದು. ಮದುವೆ ಸೀಸನ್ನಿನಲ್ಲಿ ಪಾರ್ಲರುಗಳಲ್ಲಿ ಅದನ್ನೇ ಕತ್ತರಿಸಿ ಹಾಕುತ್ತಾರೆ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಹಾಳಾದರೆ ಪೂರ್ತಿ ಹೊಸದು ಬರಲು ಸುಮಾರು 6 ತಿಂಗಳು ಬೇಕು. ಒಬ್ಬರಿಗೆ ಬಳಸಿದ ಕತ್ತರಿಯನ್ನು ತೊಳೆಯದೆ ಇನ್ನೊಬ್ಬರಿಗೆ ಬಳಸುತ್ತಾರಾ ಎಂಬುದನ್ನಾದರೂ ಪಾಲಿಕೆಯವರು ನೋಡಲಿ.

– ಓದುಗ, ದಾವಣಗೆರೆ