ಗೆಳೆಯನಿಗೊಂದು ಪತ್ರ: ನೀರು ಹಿಡಿಯುವ ತನಕ

ಶಿವಮೊಗ್ಗ,
ಭಾನುವಾರ ಸಂಜೆ

ಪ್ರೀತಿಯ ಗೆಳೆಯ,

ಆವತ್ತು ಫೋನಿನಲ್ಲಿ ನೀನು ‘ಹೊಸ ಕಾರು ಹೇಗಿದೆಯೋ?’ ಎಂದು ಕೇಳಿದಾಗ ‘ಚೆನ್ನಾಗಿದೆ’ ಎಂದು ಹೇಳಿ ಮಾತು ಬದಲಿಸಿದ್ದೆ. ಆ ಹೊತ್ತಿಗೆ ಏನೂ ಚೆನ್ನಾಗಿರಲಿಲ್ಲ. ಅಷ್ಟೊಂದು ದುಡ್ಡು ಸುರಿದು ಹದಿನೈದು ದಿನವೂ ಆಗಿರಲಿಲ್ಲ. ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಈಗ ನೀನೂ ಡೀಸೆಲ್ ಕಾರಿನ ಮೇಲೆ ಕಣ್ಣು ಹಾಕಿದ್ದೀಯೆಂದು ಕೇಳಿದೆ. ಅದಕ್ಕೇ, ಆವತ್ತು ನುಂಗಿಕೊಂಡದ್ದನ್ನೆಲ್ಲ ಇವತ್ತು ಬರೆದುಬಿಡುತ್ತೇನೆ.

ನನಗೆ ತೀರ್ಥಹಳ್ಳಿಗೆ ವರ್ಗವಾದದ್ದು ನಿನಗೆ ಗೊತ್ತು. ಹೋಗಲು ಅರವತ್ತು, ಬರಲು ಅರವತ್ತು ಕಿಲೋಮೀಟರು. ತಿಂಗಳಿಗೆ ಇಪ್ಪತ್ತೆರಡು ದಿನ ಹಿಡಿದರೂ 2,600 ದಾಟುತ್ತದೆ. ನಾವಿಬ್ಬರೂ ಗೋಕರ್ಣಕ್ಕೆ ಹೋಗಿಬಂದ ಆ ಹಳೆಯ ಬಿಳಿ ಪೆಟ್ರೋಲ್ ಕಾರು ಲೀಟರಿಗೆ ಹದಿನೈದು ಕೊಡುತ್ತಿತ್ತು. ಡೀಸೆಲ್ ಇಪ್ಪತ್ತು ಕೊಟ್ಟರೆ, ಲೀಟರಿನ ಬೆಲೆಯಲ್ಲಿ ಹನ್ನೆರಡು ರೂಪಾಯಿಯಷ್ಟು ಅಂತರವೂ ಇರುವುದರಿಂದ, ತಿಂಗಳಿಗೆ ಆರು ಸಾವಿರ ಉಳಿಯುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದೆ. ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಇದಕ್ಕೆ ಒಂದು ಲಕ್ಷ ಮೂವತ್ತು ಸಾವಿರ ಹೆಚ್ಚು. ಎರಡು ವರ್ಷದೊಳಗೆ ಹುಟ್ಟುತ್ತದೆ. ಲೆಕ್ಕ ಈಗಲೂ ಸರಿಯಾಗಿಯೇ ಇದೆ. ಲೆಕ್ಕದಲ್ಲಿ ಕಿವಿಗೊಂದು ಕಾಲಂ ಇರಲಿಲ್ಲ, ಅಷ್ಟೆ.

ಷೋರೂಮಿನವರು ಓಡಿಸಲು ಕೊಟ್ಟಾಗ ಸದ್ದು ಗೊತ್ತೇ ಆಗಿರಲಿಲ್ಲ. ಪಕ್ಕದಲ್ಲಿ ಕೂತ ಹುಡುಗ ಬಾಯಿ ಮುಚ್ಚದೆ ಮಾತಾಡುತ್ತಿದ್ದ. ಎಂಜಿನ್ನಿಗೆ ಮಾತಾಡಲು ಎಡೆಯೇ ಇರಲಿಲ್ಲ. ಮನೆಗೆ ತಂದ ಮರುದಿನ ಬೆಳಿಗ್ಗೆ ಆರೂವರೆಗೆ, ಬೀದಿಯೆಲ್ಲ ತಣ್ಣಗಿದ್ದಾಗ ಶುರು ಮಾಡಿದೆ ನೋಡು. ಕಟಕಟಕಟ ಎಂದು ಯಾರೋ ಬಾನೆಟ್ಟಿನೊಳಗೆ ಕೂತು ಗೋಲಿಗಳನ್ನು ಹಂಡೆಗೆ ಎಸೆಯುತ್ತಿರುವ ಹಾಗೆ. ಗೇರಿನ ಕೋಲು ಸಣ್ಣಗೆ ನಡುಗುತ್ತಿತ್ತು. ಎರಡು ಸೀಟುಗಳ ನಡುವಿನ ಗೂಡಿನಲ್ಲಿ ಟೋಲಿಗೆಂದು ಇಟ್ಟಿದ್ದ ಚಿಲ್ಲರೆ ತಾನೂ ತಾಳ ಹಾಕತೊಡಗಿತು. ಎದುರು ಮನೆಯ ಅಜ್ಜಿ ರಂಗೋಲಿ ಬಿಡುತ್ತಿದ್ದವರು ತಲೆಯೆತ್ತಿ ನೋಡಿದರು. ಒಳಗಿನಿಂದ ಅಪ್ಪನ ದನಿ: ‘ಪಂಪ್‌ಸೆಟ್ ಯಾಕೆ ತಂದೆಯೋ? ಇಲ್ಲಿ ತೋಟ ಎಲ್ಲಿದೆ?’

ಅಪ್ಪನ ಪಂಪ್‌ಸೆಟ್ ನಿನಗೆ ಮರೆತಿರಲಿಕ್ಕಿಲ್ಲ. ಹಳ್ಳದ ದಂಡೆಯ ತಗಡಿನ ಮಾಡಿನ ಕೆಳಗಿತ್ತು. ಬೇಸಿಗೆ ರಜೆಗೆ ನಮ್ಮೂರಿಗೆ ಬಂದವನು, ಹ್ಯಾಂಡಲ್ ತಿರುಗಿಸಿ ಅದನ್ನು ಶುರು ಮಾಡುತ್ತೇನೆಂದು ಹಟ ಹಿಡಿದು, ಅದು ತಿರುಗಿ ಹೊಡೆದು ಮುಂಗೈ ಊದಿಸಿಕೊಂಡವನು ನೀನೇ ತಾನೆ? ಆ ಸದ್ದೇ ಅಪ್ಪನಿಗೆ ಡೀಸೆಲ್ಲಿನ ಸದ್ದು. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಕಾರಿಗೆ ಪಂಪ್‌ಸೆಟ್ ಎಂದೇ ಹೆಸರು. ‘ಪಂಪ್‌ಸೆಟ್ಟಿನ ಕೀಲಿ ಎಲ್ಲಿಟ್ಟಿರಿ?’ ಎಂದು ನನ್ನವಳು ಕೇಳುವಾಗ ನಗು ತಡೆದುಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಸದ್ದಿಗಿಂತ ದೊಡ್ಡ ದೂರು ಓಟದ್ದು. ಎಲ್ಲರೂ ಡೀಸೆಲ್ ಎಂದರೆ ಎಳೆತ, ಎಳೆತ ಎನ್ನುತ್ತಾರಲ್ಲ, ಆ ಎಳೆತ ನನಗೆ ಎಲ್ಲಿಯೂ ಸಿಗುತ್ತಿರಲಿಲ್ಲ. ಎರಡನೆಯ ವಾರದಲ್ಲಿ ಮಂಡಗದ್ದೆಗೆ ಇನ್ನೂ ಎರಡು ತಿರುವು ಇರುವಾಗ ಅಡಿಕೆ ಮೂಟೆ ಹೇರಿದ ಪುಟ್ಟ ಲಾರಿಯ ಹಿಂದೆ ಸಿಕ್ಕಿಕೊಂಡೆ. ಮೂರನೆಯ ಗೇರು, ಗಂಟೆಗೆ ಮೂವತ್ತು ಕಿಲೋಮೀಟರು. ರಸ್ತೆ ನೇರವಾಯಿತು, ಎದುರು ಯಾರೂ ಇಲ್ಲ. ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತಿದೆ. ಏನೂ ಇಲ್ಲ. ಕಾರು ಗುರ್ ಎಂದು ಗೊಣಗಿತು, ಮುಂದೆ ಹೋಗಲಿಲ್ಲ. ಲಾರಿಯ ಪಕ್ಕದಲ್ಲೇ ತೂಗಾಡುತ್ತ ಇದ್ದೇನೆ, ಮುಂದಿನ ತಿರುವು ಹತ್ತಿರ ಬರುತ್ತಿದೆ. ಹೆದರಿ ಇನ್ನೂ ಒತ್ತಿದೆ. ಆಗ ಹಿಂದಿನಿಂದ ಯಾರೋ ಎರಡೂ ಕೈಯಲ್ಲಿ ತಳ್ಳಿದ ಹಾಗೆ ಒಮ್ಮೆಲೇ ನುಗ್ಗಿತು. ಹಿಂದಿನ ಸೀಟಿನಲ್ಲಿದ್ದ ಊಟದ ಚೀಲ ಕೆಳಗೆ ಬಿತ್ತು. ಲಾರಿ ದಾಟಿದ್ದೇನೋ ಹೌದು, ಆದರೆ ತಿರುವಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ಬಂದುಬಿಟ್ಟಿದ್ದೆ. ಬ್ರೇಕ್ ಒತ್ತಿ, ಮುಂದೆ ಎಡಕ್ಕೆ ನಿಲ್ಲಿಸಿ, ಎರಡು ನಿಮಿಷ ಸುಮ್ಮನೆ ಕೂತೆ. ನಿಲ್ಲಿಸಿದ ಮೇಲೂ ಅದು ಕಟಕಟ ಎನ್ನುತ್ತಲೇ ಇತ್ತು, ತನಗೇನೂ ಆಗಿಲ್ಲವೆಂಬಂತೆ.

ಮರುದಿನವೇ ನಮ್ಮ ಬಡಾವಣೆಯ ಮೂಲೆಯ ಮೆಕ್ಯಾನಿಕ್ ಹತ್ತಿರ ಹೋದೆ. ವಾರಂಟಿ ಇರುವ ಕಾರನ್ನು ಅವರು ಬಿಚ್ಚುವಂತಿಲ್ಲ, ಕಿವಿಗೊಟ್ಟರೆ ಸಾಕೆಂದೆ. ಅವರು ಒಂದು ಮೊಳದಷ್ಟು ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. ವೈದ್ಯರು ಎದೆ ನೋಡುವಂತೆ ನಾಲ್ಕು ಕಡೆ ಇಟ್ಟರು. ಆಮೇಲೆ ನನ್ನ ಕೈಗೆ ಕೊಟ್ಟರು. ಮೊದಲು ಬರೀ ಗದ್ದಲ. ‘ಒಂದೊಂದೇ ಕೇಳಿ ಸಾರ್’ ಎಂದರು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಹತ್ತಿರ ಇಟ್ಟಾಗ ಟೈಪಿಸ್ಟ್ ಒಂದೇ ಅಕ್ಷರ ಒತ್ತುತ್ತಿರುವಂಥ ಚುರುಕು ಟಕಟಕ. ಕೆಳಗೆ ಇಟ್ಟಾಗ ದಪ್ಪನೆಯ ಉರುಳು. ಇನ್ನೊಂದು ಬದಿಯಲ್ಲಿ ಬೆಲ್ಟಿನ ಸಣ್ಣ ಸುಯ್. ಗದ್ದಲ ಬಿಡಿಬಿಡಿಯಾಗಿ ಕೇಳಿತು. ಕೆಟ್ಟದ್ದು ಯಾವುದೂ ಇರಲಿಲ್ಲ. ‘ಎಷ್ಟಕ್ಕೆ ಗೇರ್ ಬದಲಾಯಿಸುತ್ತೀರಿ?’ ಎಂದು ಕೇಳಿದರು. ಎಂಜಿನ್ನಿನ ಸುತ್ತು ತೋರಿಸುವ ಮೀಟರು ನೋಡುವುದಿಲ್ಲ, ಸದ್ದು ಕೇಳಿ ಬದಲಾಯಿಸುತ್ತೇನೆ ಎಂದೆ. ಅವರು ನಕ್ಕುಬಿಟ್ಟರು.

ಕಾಯಿಲೆ ಇದ್ದದ್ದು ಅಲ್ಲೇ. ಹಳೆಯ ಕಾರಿನಲ್ಲಿ ಹನ್ನೆರಡು ವರ್ಷ ಕಿವಿಯಿಂದಲೇ ಗೇರ್ ಹಾಕಿದವನು ನಾನು. ಸದ್ದು ಈ ಮಟ್ಟಕ್ಕೆ ಏರಿತೆಂದರೆ ಎಂಜಿನ್ನಿಗೆ ಕಷ್ಟವಾಗುತ್ತಿದೆ, ಮೇಲಿನ ಗೇರಿಗೆ ಹಾಕು ಎಂದು ಕಿವಿ ಹೇಳುತ್ತಿತ್ತು, ಕೈ ಕೇಳುತ್ತಿತ್ತು. ಇದರಲ್ಲಿ ಆ ಮಟ್ಟದ ಗದ್ದಲ ನಿಮಿಷಕ್ಕೆ 1,400 ಸುತ್ತಿಗೇ ಬಂದುಬಿಡುತ್ತದೆ. ಪಾಪ, ಒದ್ದಾಡುತ್ತಿದೆ ಎಂದುಕೊಂಡು ನಾನು ಅಲ್ಲೇ ಗೇರ್ ಏರಿಸುತ್ತಿದ್ದೆ. ಟರ್ಬೊ ಎಚ್ಚರವಾಗುವುದೇ 1,700, 1,800ರ ಆಚೆ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರ ಅದು. ಹೊಗೆಯ ರಭಸ ಸಾಲದಿದ್ದರೆ ತಿರುಗಿ ಗಾಳಿ ತುಂಬುವುದಿಲ್ಲ, ಗಾಳಿಯಿಲ್ಲದೆ ಎಳೆತವಿಲ್ಲ. ಹಳೆಯ ಕಾರಿನ ಗರಿಷ್ಠ ತಿರುಗುಬಲ 113 ನ್ಯೂಟನ್ ಮೀಟರ್, ಅದೂ 4,000 ಸುತ್ತು ದಾಟಿದ ಮೇಲೆ. ಇದರದ್ದು 250, 1,750ರಿಂದಲೇ. ಅಂದರೆ ಎರಡು ಪಟ್ಟಿಗೂ ಹೆಚ್ಚು ಬಲವಿರುವ ಎತ್ತನ್ನು ಕಟ್ಟಿಕೊಂಡು, ಅದು ಏಳುವ ಮೊದಲೇ ಮತ್ತೆ ಮತ್ತೆ ಮಲಗಿಸುತ್ತಿದ್ದೆ. ಸದ್ದಿನ ದೂರು, ಓಟದ ದೂರು ಎರಡೂ ಒಂದೇ ಆಗಿತ್ತು.

ಈ ಕಟಕಟ ಯಾಕೆ ಎಂದು ನನ್ನವಳು ಕೇಳಿದಳು. ಒಗ್ಗರಣೆ ಹಾಕುತ್ತಿದ್ದಳು, ಅಲ್ಲೇ ಉತ್ತರ ಸಿಕ್ಕಿತು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಕಿಡಿಯಿಲ್ಲ. ಗಾಳಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಅಮುಕಿದಾಗ ಅದು ಕಾದ ಎಣ್ಣೆಗಿಂತಲೂ ಎಷ್ಟೋ ಬಿಸಿಯಾಗಿರುತ್ತದೆ. ಅದಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚೆನ್ನಾಗಿ ಕಾದ ಎಣ್ಣೆಗೆ ಸಾಸಿವೆ ಹಾಕಿದರೆ ಬಿದ್ದಬಿದ್ದ ಹಾಗೆ ಸಿಡಿಯುತ್ತದೆ. ಎಣ್ಣೆ ಸರಿಯಾಗಿ ಕಾಯದಿದ್ದರೆ? ಎಲ್ಲ ಸಾಸಿವೆಯೂ ಸುಮ್ಮನೆ ಕೂತಿದ್ದು ಆಮೇಲೆ ಒಟ್ಟಿಗೇ ಪಟಪಟ ಎಂದು ಮುಖಕ್ಕೆ ಹಾರುತ್ತದೆ. ಎಂಜಿನ್ನಿನ ಕಟಕಟವೂ ಅದೇ: ಚಿಮ್ಮಿದ ಇಂಧನ ಹೊತ್ತಿಕೊಳ್ಳಲು ಚೂರು ತಡಮಾಡಿ, ಕೂಡಿಕೊಂಡದ್ದೆಲ್ಲ ಒಮ್ಮೆಲೇ ಹತ್ತುವ ಸದ್ದು. ಬೆಳಗಿನ ಚಳಿಯಲ್ಲಿ ತಡ ಹೆಚ್ಚು, ಸದ್ದೂ ಹೆಚ್ಚು. ಗಾಜನೂರು ದಾಟುವಷ್ಟರಲ್ಲಿ ತಾನಾಗಿಯೇ ಮೆತ್ತಗಾಗುತ್ತದೆ. ಈಗಿನ ಎಂಜಿನ್ನುಗಳು ಮೊದಲು ಹನಿಯಷ್ಟು ಚಿಮ್ಮಿಸಿ, ಅದು ಹೊತ್ತಿಕೊಂಡ ಮೇಲೆ ಉಳಿದದ್ದನ್ನು ಬಿಡುತ್ತವೆ. ‘ಎರಡು ಕಾಳು ಹಾಕಿ ನೋಡಿ ಆಮೇಲೆ ಪೂರ್ತಿ ಹಾಕಿದ ಹಾಗೆ’ ಎಂದಳು ಅವಳು. ಅಪ್ಪನ ಪಂಪ್‌ಸೆಟ್ಟಿಗೆ ಆ ನಾಜೂಕು ಇರಲಿಲ್ಲ. ಅದಕ್ಕೇ ಅದು ಆಚೆ ದಂಡೆಗೂ ಕೇಳುತ್ತಿತ್ತು. ಅಂದ ಹಾಗೆ, ಈ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅಷ್ಟು ಸದ್ದಿನ ಯಂತ್ರ ಮಾಡಿದವನು ಒಂಚೂರೂ ಸದ್ದಿಲ್ಲದೆ ಹೋದನಲ್ಲ ಎಂದು ಓದಿದಾಗ ಏನೋ ಒಂಥರಾ ಆಯಿತು.

ಇಷ್ಟು ತಿಳಿದ ಮೇಲೂ ಕೈಗೆ ಬರಲು ಒಂದು ತಿಂಗಳು ಬೇಕಾಯಿತು. ಈಗ ಲಾರಿ ಕಂಡರೆ ಮೊದಲೇ ಎರಡನೆಯ ಗೇರಿಗೆ ಇಳಿಸಿ, ಮೀಟರಿನ ಮುಳ್ಳು ಎರಡು ಸಾವಿರದ ಹತ್ತಿರ ಇರುವಂತೆ ನೋಡಿಕೊಂಡು ಆಮೇಲೆ ಬಲಕ್ಕೆ ತೆಗೆಯುತ್ತೇನೆ. ಗಾಂಧಿಬಜಾರಿನ ಗಿಜಿಗಿಜಿಯಲ್ಲಿ ಆಕ್ಸಿಲರೇಟರ್ ಮುಟ್ಟುವುದೇ ಇಲ್ಲ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಗಾಡಿಯ ಹಿಂದೆ ಕಟ್ಟಿದ ಎಮ್ಮೆಯ ಹಾಗೆ ತಾನೇ ನಡೆದುಬರುತ್ತದೆ. ಉಡುಪಿಗೆ ಹೋದವರು ಹೆಬ್ರಿ, ಸೋಮೇಶ್ವರದ ಮೇಲೆ ಹಿಂತಿರುಗುವಾಗ ಆಗುಂಬೆ ಘಾಟಿ ಹತ್ತಿದೆವು. ಆ ಹದಿನಾಲ್ಕು ತಿರುವುಗಳಲ್ಲಿ ಹಳೆಯ ಕಾರಿನ ಎಸಿ ಆರಿಸಿ, ಮೊದಲ ಗೇರಿನಲ್ಲಿ ಅದರ ಬೊಬ್ಬೆ ಕೇಳುತ್ತ ಹತ್ತುತ್ತಿದ್ದೆವಲ್ಲ? ಈ ಸಲ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿಯೂ ಓಡುತ್ತಿತ್ತು. ತಿರುವಿಗೆ ಎರಡನೆಯದು, ನಡುವೆ ಮೂರನೆಯದು. ಮಾತು ನಿಲ್ಲಿಸದೆ ಮೇಲೆ ಬಂದೆವು.

ಇನ್ನು ನಿನ್ನ ವಿಷಯ. ನೀನು ಮೈಸೂರಿನಲ್ಲಿ ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರು ಓಡಿಸುವವನು. ಡೀಸೆಲ್ ಬೇಡ. ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. 2020ರ ಏಪ್ರಿಲ್‌ನಿಂದ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಮೇಲೆ ಈ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿ ತುಂಬಿದಾಗ ಅದನ್ನು ಆರುನೂರು ಡಿಗ್ರಿಯಷ್ಟು ಕಾಯಿಸಿ ಸುಟ್ಟುಕೊಳ್ಳಬೇಕು. ಅದಕ್ಕೆ ದೂರದ, ಎಡೆಬಿಡದ ಓಟ ಬೇಕು. ದಸರಾ ರಜೆಯಲ್ಲಿ ನಾನು ಹದಿನೈದು ದಿನ ತರಕಾರಿ, ಔಷಧಿ, ನೆಂಟರ ಮನೆ ಎಂದು ಊರೊಳಗೇ ಸುತ್ತಿದೆ. ಹಳದಿ ದೀಪ ಹತ್ತಿಯೇಬಿಟ್ಟಿತು. ಪುಸ್ತಕದಲ್ಲಿ ಬರೆದಂತೆ ಬೆಳಿಗ್ಗೆ ಸಕ್ರೆಬೈಲು ದಾಟಿ ಮಂಡಗದ್ದೆಯವರೆಗೆ ಹೋಗಿಬಂದ ಮೇಲೆ ಆರಿತು. ಮನೆ ಮುಂದೆ ಎಂಜಿನ್ ಆರಿಸಿದ ಮೇಲೂ ಫ್ಯಾನು ಬಹಳ ಹೊತ್ತು ತಿರುಗುತ್ತಿತ್ತು, ಕಾದ ಕಬ್ಬಿಣದ ವಾಸನೆ ಬಂತು. ಅಪ್ಪ ಬಂದು ಬಗ್ಗಿ ನೋಡಿ, ‘ಬಚ್ಚಲೊಲೆಯ ಹೊಗೆಗೂಡು ಕೆರೆದ ಹಾಗೆ’ ಎಂದರು. ನಿನಗೆ ಆಗಾಗ ಹೊಗೆಗೂಡು ಕೆರೆಯಲು ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಪುರುಸೊತ್ತಿದೆಯೇ? ದೇಶದಲ್ಲಿ ಅತಿ ಹೆಚ್ಚು ಕಾರು ಮಾರುವ ಮಾರುತಿ ಸುಜುಕಿಯೇ 2020ರಲ್ಲಿ ಡೀಸೆಲ್ ಕೈಬಿಟ್ಟಿತು. ಸಣ್ಣ ಕಾರಿಗೆ ಇಷ್ಟೆಲ್ಲ ಸರಂಜಾಮು ಹೊರಿಸಿದರೆ ಬೆಲೆ ಕೈಗೆಟುಕುವುದಿಲ್ಲ.

ಕಳೆದ ವಾರ ಅಪ್ಪನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋಗಿದ್ದೆ. ಕಾರಿನಲ್ಲಿ ಕೂತರೆ ಅವರು ಮಾತಾಡುವುದಿಲ್ಲ, ಕಿಟಕಿಯಾಚೆ ತೋಟಗಳನ್ನು ಎಣಿಸುತ್ತಾರೆ. ಒಂದು ಏರಿನಲ್ಲಿ ಗೇರ್ ಇಳಿಸಿದೆ, ಮುಳ್ಳು ಏರಿತು, ಕಟಕಟ ಹೋಗಿ ಸದ್ದು ದಪ್ಪವಾಯಿತು, ಕಾರು ಎಳೆಯತೊಡಗಿತು. ಅಪ್ಪ ಕಿಟಕಿಯಿಂದ ಕಣ್ಣು ತೆಗೆಯದೆಯೇ ‘ಈಗ ನೀರು ಹಿಡಿಯಿತು’ ಎಂದರು.

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಪಂಪ್‌ಸೆಟ್ ಶುರುವಾದ ಮೇಲೆ ಪೈಪಿನಲ್ಲಿ ಬರೀ ಗಾಳಿ ಇರುವಷ್ಟು ಹೊತ್ತು ಎಂಜಿನ್ ಹಗುರಾಗಿ, ಪೊಳ್ಳಾಗಿ ಬಡಿದುಕೊಳ್ಳುತ್ತಿತ್ತು. ನೀರು ಮೇಲೆ ಬಂದು ಭಾರ ಬಿದ್ದ ಕೂಡಲೇ ದನಿ ಇಳಿದು ಗಟ್ಟಿಯಾಗುತ್ತಿತ್ತು. ಅಪ್ಪ ತೋಟದ ಮೇಲ್ತುದಿಯಲ್ಲಿ ನಿಂತು, ಕಾಲುವೆಗೆ ನೀರು ಬರುವ ಮೊದಲೇ ಸದ್ದಿನಲ್ಲೇ ತಿಳಿದು ಗುದ್ದಲಿ ಎತ್ತಿಕೊಳ್ಳುತ್ತಿದ್ದರು. ಕಾರು ಓಡಿಸಿದವರೇ ಅಲ್ಲ ಅವರು. ನಾನು ಒಂದು ತಿಂಗಳು ಮೀಟರು ನೋಡಿ ಕಲಿತದ್ದು ಅವರಿಗೆ ಒಂದೇ ಏರಿನಲ್ಲಿ ಕೇಳಿತ್ತು.

ಮನೆಯಲ್ಲೀಗ ಅದೇ ಮಾತು ಓಡುತ್ತಿದೆ. ಮೊನ್ನೆ ಮುಂದಿನ ಬಸ್ಸನ್ನು ಹಿಂದಿಕ್ಕಲು ಹೊರಟಾಗ ನನ್ನವಳು ‘ತಡೆಯಿರಿ, ಇನ್ನೂ ನೀರು ಹಿಡಿದಿಲ್ಲ’ ಎಂದಳು. ತಡೆದೆ.

ಸಂಕ್ರಾಂತಿಗೆ ಬಾ. ರೈಲು ನಿಲ್ದಾಣಕ್ಕೆ ನಾನೇ ಬರುತ್ತೇನೆ, ಹೊರಗೆ ನಿಂತು ಹುಡುಕಬೇಡ, ಕೇಳಿಸಿಕೋ. ಓಡಿಸಲೂ ಕೊಡುತ್ತೇನೆ. ಆದರೆ ಬಂಕಿನಲ್ಲಿ ನೀನು ಕಾರಿನಿಂದ ಇಳಿಯಕೂಡದು. ಅಭ್ಯಾಸಬಲದಲ್ಲಿ ‘ಪೆಟ್ರೋಲ್ ಹಾಕಪ್ಪಾ’ ಎಂದುಬಿಟ್ಟೀಯೆಂದು ನನಗೆ ಭಯ. ನಾನು ಎರಡು ಸಲ ಹಾಗೆ ಹೇಳಿ, ಹುಡುಗ ಮುಚ್ಚಳದ ಮೇಲಿನ ಅಕ್ಷರ ನೋಡಿದ್ದರಿಂದ ಉಳಿದುಕೊಂಡಿದ್ದೇನೆ.

ಇಂತಿ,
ಪಂಪ್‌ಸೆಟ್ಟಿನ ಯಜಮಾನ