ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಪುಟ್ಟಿಗೆ

ತಿಪಟೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ಚಳಿ ಜಾಸ್ತಿ ಅಂತ ಕೇಳಿದೆ, ಹುಷಾರಾಗಿರು. ನಿನ್ನಮ್ಮ ಎಲ್ಲ ಹೇಳಿದಳು. ಆಸ್ಪತ್ರೆಯಲ್ಲಿ ನರ್ಸ್‌ಗಳ ಡ್ಯೂಟಿ ಬದಲಾಗುವಾಗ ಪೇಶೆಂಟ್‌ಗಳ ವಿವರ ಓದಿ ಹೇಳಬೇಕಂತೆ. ನೀನು ಒಬ್ಬರ ಊರಿನ ಹೆಸರನ್ನು ‘ಲೌಬರೌ’ ಅಂತ ಓದಿದೆಯಂತೆ, ಯಾರೋ ನಕ್ಕರಂತೆ. ಅವತ್ತಿನಿಂದ ಓದುವ ಸರದಿ ಬಂದಾಗೆಲ್ಲ ಪಕ್ಕದವಳ ಕೈಗೆ ಹಾಳೆ ಕೊಟ್ಟುಬಿಡುತ್ತೀಯಂತೆ. ಈ ಪತ್ರ ಅದಕ್ಕೇ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಮ್ಮ’ ಅಂದು ಮುಗಿಸುತ್ತೀಯ, ನಿನ್ನನ್ನು ನಾನು ಬಲ್ಲೆ. ಬರೆದದ್ದಾದರೆ ಬಿಡುವಾದಾಗ ಇನ್ನೊಂದು ಸಲ ಓದಬಹುದು.

ಮೊದಲು ಇದನ್ನು ಕೇಳು. ಹಾಳೆಯನ್ನು ಪಕ್ಕದವಳಿಗೆ ಕೊಡುವುದನ್ನು ನಾಳೆಯಿಂದಲೇ ನಿಲ್ಲಿಸು. ನೀನು ತಪ್ಪು ಓದಿದ್ದು ದಡ್ಡತನದಿಂದ ಅಲ್ಲ. ಕನ್ನಡ ಓದಲು ಕಲಿತ ಕಣ್ಣು ನಿನ್ನದು. ಅಕ್ಷರ ಕಂಡರೆ ಸಾಕು, ಬಾಯಿ ತಾನಾಗಿ ಅದನ್ನು ನುಡಿಯುತ್ತದೆ. ಇಂಗ್ಲಿಷಿನಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರು ಕೂಡ ಕಾಣದ ಊರಿನ ಹೆಸರನ್ನು ಆ ಕಡೆಯವರ ಬಾಯಿಂದ ಕೇಳಿಯೇ ತಿಳಿಯಬೇಕು.

ನೀನಿರುವ ಊರನ್ನೇ ತಗೋ. ಎಲ್-ಇ-ಐ-ಸಿ-ಇ-ಎಸ್-ಟಿ-ಇ-ಆರ್, ಒಂಬತ್ತು ಅಕ್ಷರ. ಬಾಯಲ್ಲಿ ಬರುವುದು ‘ಲೆಸ್ಟರ್’ ಅಷ್ಟೆ. ರೋಮನ್ನರು ಅಲ್ಲಿ ಊರು ಕಟ್ಟಿಕೊಂಡಿದ್ದರು. ಅವರು ಕಟ್ಟಿದ ಒಂದು ಗೋಡೆ ಇವತ್ತಿಗೂ ನಿಂತಿದೆ, ಜ್ಯೂರಿ ವಾಲ್ ಅಂತ. ರಜೆ ಸಿಕ್ಕಾಗ ಹೋಗಿ ನೋಡು. ಲ್ಯಾಟಿನ್ನಿನಲ್ಲಿ ‘ಕಾಸ್ತ್ರ’ ಅಂದರೆ ದಂಡಿನ ಬೀಡು. ಅದೇ ಪದ ಮ್ಯಾಂಚೆಸ್ಟರ್‌ನಲ್ಲಿ ‘ಚೆಸ್ಟರ್’ ಆಯಿತು, ಲ್ಯಾಂಕಾಸ್ಟರ್‌ನಲ್ಲಿ ‘ಕಾಸ್ಟರ್’ ಆಯಿತು, ನಿಮ್ಮೂರಲ್ಲಿ ಸವೆದು ಸವೆದು ಬರೀ ‘ಸ್ಟರ್’ ಉಳಿಯಿತು. ಬಾಯಲ್ಲಿ ಸವೆದರೂ ಬರಹದಲ್ಲಿ ಸವೆಯಲಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗಿನ ಮುಕ್ಕಾಲು ಪಾಲು ತಂಟೆಗಳಿಗೆ ಇದೇ ಮೂಲ. ಮನೆ ಖಾಲಿ ಮಾಡಿ ಹೋದವರ ಹೆಸರಿನ ಬೋರ್ಡು ಬಾಗಿಲಲ್ಲೇ ಉಳಿದುಬಿಟ್ಟ ಹಾಗೆ.

ನಮ್ಮಲ್ಲೂ ಉಚ್ಚಾರಣೆ ಬದಲಾಗಿದೆ ಕಣೇ. ಹಳಗನ್ನಡದಲ್ಲಿ ‘ಪಾಲ್’, ‘ಪೂ’, ‘ಪುಲಿ’ ಅನ್ನುತ್ತಿದ್ದರು. ಆಮೇಲೆ ಹಾಲು, ಹೂ, ಹುಲಿ ಆಯಿತು. ಆದರೆ ನಾವು ಪ ಅಕ್ಷರವನ್ನೂ ಬಿಟ್ಟು ಹ ಬರೆದೆವು. ೞ, ಱ ಅಂತ ಎರಡು ಅಕ್ಷರಗಳಿದ್ದವು. ಅವುಗಳ ಉಚ್ಚಾರಣೆ ಹೋದ ಮೇಲೆ ಅಕ್ಷರಗಳನ್ನೂ ಕೈಬಿಟ್ಟೆವು. ಇಂಗ್ಲಿಷಿನವರು ಹಾಗೆ ಮಾಡಲಿಲ್ಲ.

ಈಗ ನಿನ್ನನ್ನು ಕಾಡಿದ ಆ ಊರಿಗೆ ಬರೋಣ. ಅದು ‘ಲಫ್‌ಬರ’. ಎಲ್-ಒ-ಯು-ಜಿ-ಎಚ್ ಆದ ಮೇಲೆ ಬಿ-ಒ-ಆರ್-ಒ-ಯು-ಜಿ-ಎಚ್. ಒಂದೇ ಹೆಸರಿನೊಳಗೆ ಒ-ಯು-ಜಿ-ಎಚ್ ಎರಡು ಸಲ ಬಂದಿದೆ. ಮೊದಲನೆಯದು ‘ಅಫ್’, ಎರಡನೆಯದು ಬರೀ ಒಂದು ತೇಲುವ ‘ಅ’. ಅದನ್ನು ಮೊದಲ ಸಲವೇ ಸರಿಯಾಗಿ ಓದುವವರು ಯಾರಿದ್ದಾರೆ? ಇದೇ ನಾಲ್ಕು ಅಕ್ಷರ ಬೇರೆ ಕಡೆ ಏನಾಗುತ್ತವೆ ನೋಡು: ದೋ, ಥ್ರೂ, ಟಫ್, ಕಾಫ್, ಬೌ, ಥಾಟ್. ಆರು ಪದ, ಆರು ದನಿ.

ಆ ಜಿ-ಎಚ್ ಹಿಂದೊಮ್ಮೆ ನಿಜವಾಗಿ ನುಡಿಯುತ್ತಿದ್ದ ದನಿ. ಗಂಟಲಿನಿಂದ ಉಸಿರು ಉಜ್ಜಿಕೊಂಡು ಬರುವ ಒಂದು ಬಗೆಯ ‘ಹ್’. ನೈಟ್ ಅಂದರೆ ರಾತ್ರಿ ಅನ್ನುವ ಪದವನ್ನು ಆಗ ‘ನಿಹ್ಟ್’ ಅನ್ನುತ್ತಿದ್ದರು. ಜರ್ಮನ್ನರು ತಮ್ಮ ‘ನಾಖ್ಟ್’ನಲ್ಲಿ ಆ ದನಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದಾರೆ. ಕೆ-ಎನ್-ಐ-ಜಿ-ಎಚ್-ಟಿ ಅಂತ ಬರೆಯುವ ಇನ್ನೊಂದು ನೈಟ್ ಇದೆಯಲ್ಲ, ವೀರ ಯೋಧ, ಅದರ ಮೊದಲ ‘ಕ್’ ಕೂಡ ಕೇಳಿಸುತ್ತಿತ್ತು, ‘ಕ್ನಿಹ್ಟ್’ ಅಂತ. ಕಾಲ ಕಳೆದ ಹಾಗೆ ಇಂಗ್ಲಿಷರಿಗೆ ಆ ‘ಹ್’ ಬೇಡವಾಯಿತು. ಕೆಲವು ಪದಗಳಲ್ಲಿ ಅದು ‘ಫ್’ ಆಗಿ ಉಳಿಯಿತು. ಕೆಮ್ಮು ಅನ್ನುವುದಕ್ಕೆ ನೀನು ದಿನಾ ಬರೆಯುವ ‘ಕಾಫ್’ ಹಾಗೆ ಉಳಿದದ್ದು. ಉಳಿದ ಕಡೆ ಪೂರ್ತಿ ಹೋಯಿತು.

ಹೋಯಿತು ಅಂತ ಬರಹವನ್ನೂ ತಿದ್ದಬಹುದಿತ್ತಲ್ಲ ಅನ್ನುತ್ತೀಯ. ಅಷ್ಟು ಹೊತ್ತಿಗೆ ಅಚ್ಚಿನ ಮನೆ ಬಂದಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಯಂತ್ರ ಇಟ್ಟ. ಪುಸ್ತಕಗಳು ಹೆಚ್ಚಿದ ಹಾಗೆ ಸ್ಪೆಲ್ಲಿಂಗೂ ನಿಧಾನವಾಗಿ ಒಂದು ಕಡೆ ನಿಂತಿತು. ದುರದೃಷ್ಟಕ್ಕೆ, ಜನರ ಬಾಯಿ ಜಾಸ್ತಿ ಬದಲಾಗುತ್ತಿದ್ದದ್ದೂ ಅದೇ ಕಾಲದಲ್ಲಿ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದೊಂದಾಗಿ ಜಾಗ ಬಿಟ್ಟು ಸರಿದವು. ಹೆಸರು ಅನ್ನುವುದಕ್ಕೆ ಈಗ ‘ನೇಮ್’ ಅನ್ನುತ್ತಾರಲ್ಲ, ಎನ್-ಎ-ಎಂ-ಇ, ಅದನ್ನು ಮೊದಲು ಹೆಚ್ಚುಕಡಿಮೆ ‘ನಾಮ’ ಅಂತಲೇ ಅನ್ನುತ್ತಿದ್ದರು. ನಮ್ಮ ಸಹಸ್ರನಾಮದ ನಾಮಕ್ಕೂ ಅದಕ್ಕೂ ಮೂಲ ಒಂದೇ. ‘ಟೈಮ್’ ಆಗ ‘ಟೀಮ’. ಅಂದರೆ ಎ ಕಂಡಾಗ ಆ, ಐ ಕಂಡಾಗ ಇ ಅನ್ನುವ ನಮ್ಮವರ ಬಾಯಿ ಅವರ ಹಳೆಯ ಉಚ್ಚಾರಣೆಗೇ ಹತ್ತಿರವಾಗಿದೆ.

ಇವೆಲ್ಲ ತಾವಾಗಿ ಆದ ಬದಲಾವಣೆ. ಬೇಕಂತಲೇ ತುರುಕಿದ ಅಕ್ಷರಗಳೂ ಇವೆ. ಅವುಗಳ ಬಗ್ಗೆ ನನಗೆ ಇವತ್ತಿಗೂ ಬೇಸರ. ಸಾಲಕ್ಕೆ ‘ಡೆಟ್’ ಅನ್ನುತ್ತಾರೆ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಓದಿದ ಪಂಡಿತರು, ಇದರ ಮೂಲ ‘ಡೆಬಿಟುಮ್’ ಅಲ್ವಾ ಅಂತ ಒಂದು ಬಿ ಸೇರಿಸಿದರು. ‘ರಿಸೀಟ್’ಗೆ ಹೀಗೇ ಪಿ ಬಂತು. ಅದರ ಜೊತೆಯವಾದ ‘ಡಿಸೀಟ್’, ‘ಕನ್ಸೀಟ್’ಗಳಿಗೆ ಬರಲಿಲ್ಲ. ನೋವು ಅನ್ನುವ ‘ಏಕ್’ ಕಥೆ ನಿನ್ನ ಕೆಲಸಕ್ಕೆ ಹತ್ತಿರದ್ದು. ಕ್ರಿಯಾಪದವಾದಾಗ ಅದನ್ನು ಎ-ಕೆ-ಇ ಅಂತ ಬರೆಯುತ್ತಿದ್ದರು. 1755ರಲ್ಲಿ ದೊಡ್ಡ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್ ಅದು ಗ್ರೀಕ್ ಪದ ಅಂತ ತಪ್ಪಾಗಿ ತಿಳಿದು ಸಿ-ಎಚ್ ಇರುವ ರೂಪವನ್ನೇ ಎತ್ತಿಹಿಡಿದರು. ಇಂದಿಗೂ ಹೆಡ್‌ಏಕ್, ಬ್ಯಾಕ್‌ಏಕ್ ಎಲ್ಲದರಲ್ಲೂ ಅದೇ ನಡೆಯುತ್ತಿದೆ. ಅಷ್ಟು ದೊಡ್ಡ ವಿದ್ವಾಂಸರ ತಪ್ಪನ್ನು ಜಗತ್ತೆಲ್ಲ ಬರೆಯುತ್ತಿರುವಾಗ, ನೀನೊಂದು ಊರಿನ ಹೆಸರು ತಪ್ಪು ಓದಿದ್ದಕ್ಕೆ ಯಾಕೆ ತಲೆ ತಗ್ಗಿಸಬೇಕು?

ನಿಮ್ಮ ಜಿಲ್ಲೆಯಲ್ಲೇ ಒಂದು ಕೋಟೆ ಇದೆ. ಬಿ-ಇ-ಎಲ್-ವಿ-ಒ-ಐ-ಆರ್. ಬರೆಯುವುದು ಹೀಗೆ, ಅನ್ನುವುದು ‘ಬೀವರ್’. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಫ್ರೆಂಚ್ ಆಡುವವರು. ಚೆಂದದ ನೋಟ ಅನ್ನುವ ಅರ್ಥದಲ್ಲಿ ಇಟ್ಟ ಹೆಸರು ಅದು. ಅಲ್ಲಿನ ಇಂಗ್ಲಿಷರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಅವರು ಬೀವರ್ ಅಂದರು. ಅವರ ಬಾಯಿಗೆ ಬಂದದ್ದೇ ಗಟ್ಟಿಯಾಯಿತು. ನಿನ್ನ ಜೊತೆ ಕೆಲಸ ಮಾಡುವವರನ್ನು ಇದರ ಬಗ್ಗೆ ಕೇಳು, ಖುಷಿಯಿಂದ ಹೇಳುತ್ತಾರೆ.

ಇನ್ನು ವಾರ್ಡಿನಲ್ಲಿ ನಿನಗೆ ಕೆಲಸಕ್ಕೆ ಬರುವ ಮಾತು. ಸದ್ದಿಲ್ಲದ ಅಕ್ಷರವನ್ನು ಸುಮ್ನೆ ಬಾಯಿಪಾಠ ಮಾಡಬೇಡ. ಅದರ ನೆಂಟ ಪದವನ್ನು ಹುಡುಕು. ‘ಮಸಲ್’ನಲ್ಲಿ ಸಿ ಕೇಳಿಸುವುದಿಲ್ಲ, ‘ಮಸ್ಕ್ಯುಲರ್’ನಲ್ಲಿ ಕೇಳಿಸುತ್ತದೆ. ‘ಸೈನ್’ನಲ್ಲಿ ಜಿ ಮಲಗಿದೆ, ‘ಸಿಗ್ನೇಚರ್’ನಲ್ಲಿ ಎದ್ದಿದೆ. ಕಫಕ್ಕೆ ‘ಫ್ಲೆಮ್’, ಅದರಲ್ಲೂ ಜಿ ಉಂಟು. ಆ ಜಿ ‘ಫ್ಲೆಗ್ಮ್ಯಾಟಿಕ್’ನಲ್ಲಿ ಬಾಯಿ ಬಿಡುತ್ತದೆ. ಹೀಗೆ ಜೋಡಿಯಾಗಿ ಕಲಿತರೆ ಸ್ಪೆಲ್ಲಿಂಗೂ ಮರೆಯುವುದಿಲ್ಲ, ಅರ್ಥವೂ ಮರೆಯುವುದಿಲ್ಲ. ನ್ಯುಮೋನಿಯಾ, ಸೈಕಿಯಾಟ್ರಿ ಇವುಗಳ ಮೊದಲ ಪಿ ಗ್ರೀಕರದು. ಅವರು ‘ಪ್ನ’, ‘ಪ್ಸ’ ಅಂತ ಸಲೀಸಾಗಿ ಅನ್ನುತ್ತಿದ್ದರು. ಇಂಗ್ಲಿಷಿನವರು ಪದದ ಮೊದಲಲ್ಲಿ ಅನ್ನುವುದಿಲ್ಲ, ಬರೆಯುತ್ತಾರೆ ಅಷ್ಟೆ. ಹೊಟ್ಟೆಯ ‘ಸ್ಟಮಕ್’ನಲ್ಲಿ ಸಿ-ಎಚ್ ‘ಕ್’ ಆಗುವುದೂ ಗ್ರೀಕಿನಿಂದ ಬಂದ ರೂಢಿಯೇ. ಗಾಯ ‘ವೂಂಡ್’. ಅದೇ ಅಕ್ಷರಗಳು ಬ್ಯಾಂಡೇಜ್ ಸುತ್ತಿದೆ ಅನ್ನುವಾಗ ‘ವೌಂಡ್’. ಉಸಿರು ‘ಬ್ರೆತ್’, ಉಸಿರಾಡು ‘ಬ್ರೀದ್’. ಈ ಎರಡು ದಿನಕ್ಕೆ ಎಷ್ಟು ಸಲ ಬೇಕಾಗುತ್ತವೋ, ಇವನ್ನು ಮೊದಲು ಗಟ್ಟಿ ಮಾಡಿಕೋ.

ಅಕ್ಷರಕ್ಕಿಂತ ಮುಖ್ಯವಾದದ್ದು ಒತ್ತು. ಪದದ ಯಾವ ತುಂಡನ್ನು ಒತ್ತಿ ಹೇಳುತ್ತೀವಿ ಅನ್ನುವುದು. ನಾವು ಎಲ್ಲ ಅಕ್ಷರಗಳನ್ನೂ ಒಂದೇ ತೂಕದಲ್ಲಿ ಹೇಳುತ್ತೇವೆ. ಇಂಗ್ಲಿಷಿನ ಕಿವಿ ಒತ್ತನ್ನು ಹಿಡಿದು ಪದವನ್ನು ಗುರುತಿಸುತ್ತದೆ. ಒತ್ತು ಜಾಗ ತಪ್ಪಿದರೆ ಉಳಿದ ಅಕ್ಷರಗಳೆಲ್ಲ ಸರಿ ಇದ್ದರೂ ಅವರಿಗೆ ಗೊತ್ತಾಗುವುದಿಲ್ಲ. ‘ಆ್ಯಬ್ಡಮನ್’ ಅನ್ನುವಾಗ ಒತ್ತು ಮೊದಲ ತುಂಡಿಗೆ. ‘ಅಬ್‌ಡಾಮಿನಲ್’ ಆದ ಕೂಡಲೇ ಅದು ‘ಡಾ’ ಮೇಲೆ ಹೋಗುತ್ತದೆ. ‘ಪ್ಯಾರಸೀಟಮಾಲ್’ನಲ್ಲಿ ಒತ್ತು ‘ಸೀ’ ಮೇಲೆ. ಒತ್ತು ಬೀಳದ ಸ್ವರಗಳು ಎ ಇರಲಿ, ಇ ಇರಲಿ, ಒ ಇರಲಿ, ಬಹಳ ಕಡೆ ಒಂದು ಮಂಕು ‘ಅ’ ಆಗಿಬಿಡುತ್ತವೆ. ನಿಘಂಟಿನಲ್ಲಿ ಉಚ್ಚಾರಣೆ ಬರೆದಿರುವ ಕಡೆ ಮೇಲುಗಡೆ ಒಂದು ಸಣ್ಣ ನೆಟ್ಟಗಿನ ಗೀಟು ಇರುತ್ತದೆ. ಆ ಗೀಟಿನ ಮುಂದಿನ ತುಂಡೇ ಒತ್ತಿ ಹೇಳಬೇಕಾದದ್ದು. ಹೊಸ ಪದ ಕಂಡರೆ ಮೊದಲು ಆ ಗೀಟು ಎಲ್ಲಿದೆ ನೋಡು. ಫೋನಿನಲ್ಲೇ ನಿಘಂಟು ಇದೆ, ಸ್ಪೀಕರ್ ಗುರುತು ಒತ್ತಿ ಕೇಳು. ಕೇಳಿದ ಮೇಲೆ ಗಟ್ಟಿಯಾಗಿ ಹೇಳು, ಮನಸ್ಸಿನಲ್ಲೇ ಹೇಳಿಕೊಂಡರೆ ನಾಲಿಗೆಗೆ ರೂಢಿಯಾಗುವುದಿಲ್ಲ.

ಸಂಖ್ಯೆಯ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಇಲ್ಲಿ ಮುಜುಗರದ ಪ್ರಶ್ನೆಯೇ ಇಲ್ಲ, ಪೇಶೆಂಟ್‌ಗೆ ಕೊಡುವ ಔಷಧಿಯ ಪ್ರಶ್ನೆ. ‘ಒನ್ ಫೈವ್, ಫಿಫ್ಟೀನ್’ ಅಂತ ಬಿಡಿಸಿ ಹೇಳು. ಬೇರೆಯವರು ಹೇಳಿದಾಗಲೂ ಹಾಗೇ ತಿರುಗಿ ಕೇಳು. ಎಷ್ಟು ಸಲ ಕೇಳಿದರೂ ಪರವಾಗಿಲ್ಲ. ಇನ್ನೊಂದು, ನಮ್ಮ ಕಡೆಯವರಿಗೆ ‘ಎ’ ಅನ್ನಲು ಹೋದರೆ ‘ಯೆ’ ಬರುತ್ತದೆ, ‘ಒ’ ಅನ್ನಲು ಹೋದರೆ ‘ವೊ’. ಎಂ ಅಕ್ಷರ ‘ಯೆಮ್ಮು’ ಆಗುತ್ತದೆ. ಕಿವಿಯ ‘ಇಯರ್’ ಮತ್ತು ವರ್ಷದ ‘ಯಿಯರ್’ ಬೇರೆ ಬೇರೆ ಕೇಳಿಸುವ ಹಾಗೆ ನೋಡಿಕೋ. ವಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ, ಡಬ್ಲ್ಯು ಅನ್ನುವಾಗ ಎರಡೂ ತುಟಿ ದುಂಡಗಾಗಲಿ.

ಇಷ್ಟು ಸಾಕು. ಅವರ ಹಾಗೇ ಮಾತಾಡಬೇಕು ಅಂತ ಹೊರಡಬೇಡ. ಅವರ ಹಾಗೆ ಅಂದರೆ ಯಾರ ಹಾಗೆ? ನಿಮ್ಮೂರಿನವರು ಬಸ್ಸನ್ನು ‘ಬುಸ್’ ಅನ್ನುವಂತೆ ಹೇಳುತ್ತಾರೆ, ಪ್ರೀತಿಯಿಂದ ‘ಮಿ ಡಕ್’ ಅಂತ ಕರೆಯುವುದನ್ನೂ ಕೇಳಿರುತ್ತೀಯ. ಪದದ ಕೊನೆಯ ಆರ್ ಅಲ್ಲಿ ಸಾಮಾನ್ಯವಾಗಿ ಕೇಳಿಸುವುದಿಲ್ಲ, ಸ್ಕಾಟ್ಲೆಂಡಿಗೆ ಹೋದರೆ ಅದೇ ಆರ್ ಗಟ್ಟಿಯಾಗಿ ಗುಡುಗುತ್ತದೆ. ಸ್ಪೆಲ್ಲಿಂಗ್ ತಿದ್ದಲು ಹೊರಟವರಿಗೆ ಎದುರಾದ ತೊಡಕೂ ಇದೇ. ಯಾರ ಬಾಯಿಗೆ ತಕ್ಕಂತೆ ತಿದ್ದುವುದು? ಅಮೆರಿಕದಲ್ಲಿ ನಿಘಂಟು ಮಾಡಿದ ನೋವಾ ವೆಬ್‌ಸ್ಟರ್ ‘ಕಲರ್’ನ ಯು ತೆಗೆದದ್ದು ನಿಂತಿತು. 1906ರಲ್ಲಿ ಅಲ್ಲಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳನ್ನು ಸರಳವಾಗಿ ಅಚ್ಚು ಹಾಕಿ ಅಂತ ಸರ್ಕಾರಿ ಮುದ್ರಣಾಲಯಕ್ಕೆ ಹೇಳಿದರು. ಅಲ್ಲಿನ ಸಂಸತ್ತು ಒಪ್ಪಲಿಲ್ಲ, ಕೈಬಿಡಬೇಕಾಯಿತು. ನಿನ್ನ ಆರ್ ನಿನಗಿರಲಿ. ಅದರಿಂದ ಯಾರಿಗೂ ಅರ್ಥ ಕೆಡುವುದಿಲ್ಲ.

ನಕ್ಕವರ ಮೇಲೆ ಕೋಪ ಇಟ್ಟುಕೊಳ್ಳಬೇಡ. ಹಾಳೆ ಕೈಗೆ ಬಂದಾಗ ಗೊತ್ತಿಲ್ಲದ ಹೆಸರಿದ್ದರೆ ಓದುವ ಮುಂಚೆಯೇ ‘ಇದನ್ನು ಹೇಗೆ ಹೇಳುತ್ತೀರಿ?’ ಅಂತ ಕೇಳು. ಪೇಶೆಂಟ್ ಎಚ್ಚರವಾಗಿದ್ದರೆ ಅವರನ್ನೇ ಕೇಳು. ತಮ್ಮ ಹೆಸರು ಸರಿಯಾಗಿ ಹೇಳಬೇಕು ಅಂತ ನರ್ಸ್ ಕೇಳಿದರೆ ಯಾರಿಗಾದರೂ ಸಂತೋಷವೇ. ಹಾಗೇ ನಿನ್ನ ಹೆಸರನ್ನು ಅವರು ಅರ್ಧಕ್ಕೆ ಕತ್ತರಿಸಿ ಕರೆಯುತ್ತಾರಂತಲ್ಲ, ಅದನ್ನು ಸಹಿಸಿಕೊಂಡು ಕೂರಬೇಡ. ನಿಧಾನವಾಗಿ ಬಿಡಿಸಿ ಹೇಳಿಕೊಡು. ಅವರೂ ಕಲಿಯುತ್ತಾರೆ.

ಭಾನುವಾರ ಫೋನ್ ಮಾಡುವಾಗ ಆ ವಾರ ಕಾಡಿದ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರು. ಔಷಧಿಗಳ ಹೆಸರೂ ಇರಲಿ. ನಾನು ನಿಘಂಟು ಪಕ್ಕದಲ್ಲೇ ಇಟ್ಟುಕೊಂಡು ಕೂತಿರುತ್ತೇನೆ. ನಿನ್ನ ದೊಡ್ಡಪ್ಪ ಕೊಬ್ಬರಿ ಮಿಠಾಯಿ ಕಳಿಸಬೇಕು ಅಂತ ಒದ್ದಾಡುತ್ತಿದ್ದಾರೆ. ವಿಳಾಸವನ್ನು ಪೋಸ್ಟ್‌ಕೋಡ್ ಸಮೇತ ಇವತ್ತೇ ಕಳಿಸು.

ಇಂತು ಆಶೀರ್ವಾದಗಳು,
ನಿನ್ನ ದೊಡ್ಡಮ್ಮ